ಮಲೆನಾಡಿನ ಮಳೆಗೆ ಪೌಡರ್ ಕೋಟಿಂಗ್ ನಿಲ್ಲುವುದಿಲ್ಲವೇ?

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ಸಣ್ಣದೊಂದು ಫ್ಯಾಬ್ರಿಕೇಶನ್ ಶೆಡ್ ಇಟ್ಟುಕೊಂಡಿದ್ದೇನೆ. ಗೇಟು, ಕಿಟಕಿ ಗ್ರಿಲ್, ಮೆಟ್ಟಿಲಿನ ರೇಲಿಂಗ್ ಮಾಡುತ್ತೇನೆ. ಮೊದಲೆಲ್ಲ ರೆಡ್ ಆಕ್ಸೈಡ್ ಹೊಡೆದು ಎನಾಮಲ್ ಬಳಿದು ಕೊಡುತ್ತಿದ್ದೆ. ಹೋದ ವರ್ಷ ಬೇಸಿಗೆಯಲ್ಲಿ ಎಂಟು ಗೇಟುಗಳನ್ನು ಶಿವಮೊಗ್ಗಕ್ಕೆ ಕಳಿಸಿ ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ವಿದ್ಯುತ್ ಗನ್ನಿನಿಂದ ಹೊಡೆದು, ಓವನ್‌ನಲ್ಲಿ ಬೇಯಿಸಿ ಹಿಡಿಸುವುದು) ಮಾಡಿಸಿದೆ. ಬಂದಾಗ ನೋಡಲು ತುಂಬಾ ಚೆನ್ನಾಗಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಐದು ಗೇಟುಗಳಲ್ಲಿ ವೆಲ್ಡಿಂಗ್ ಜಾಗದಲ್ಲಿ, ಕೆಳಗಿನ ಪೈಪಿನಲ್ಲಿ ಗುಳ್ಳೆ ಎದ್ದಿದೆ. ಉಗುರು ಹಾಕಿದರೆ ಚಕ್ಕೆ ಕಿತ್ತು ಬರುತ್ತದೆ. ಕೆಲವು ಕಡೆ ಪಟ್ಟಿ ಮತ್ತು ಪೈಪು ಸೇರುವಲ್ಲಿಂದ ಕಂದು ನೀರು ಇಳಿದ ಗೆರೆ ಇದೆ. ಒಂದು ಬಿಳಿ ಗೇಟಿನಲ್ಲಿ ತುಕ್ಕಿಲ್ಲ, ಆದರೆ ಮುಟ್ಟಿದರೆ ಕೈಗೆ ಪುಡಿ ಹತ್ತುತ್ತದೆ. ಕೋಟಿಂಗ್ ಮಾಡಿದವರು '200 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸಿದ್ದೇವೆ, ನಿಮ್ಮ ಕಡೆ ಮಳೆ ಹಾಗೆ' ಎನ್ನುತ್ತಾರೆ. ಮಲೆನಾಡಿಗೆ ಇದು ಆಗುವುದಿಲ್ಲವೇ? ಹಳೆ ಅಡಿಕೆ ಡ್ರೈಯರ್ ಒಂದಿದೆ, ಅದನ್ನೇ ಓವನ್ ಮಾಡಿಕೊಂಡು ನಾನೇ ಶುರು ಮಾಡಬಹುದೇ? ಈಗಿರುವ ಗೇಟುಗಳಿಗೆ ಏನು ಮಾಡಲಿ?

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ, ಆದರೆ ಅದರ ಹಿಂದಿನ ಆತಂಕ ಒಂದೇ. ಗುರುತಿನವರಿಗೆ ಮಾತು ಕೊಟ್ಟು, ಎನಾಮಲ್‌ಗಿಂತ ಜಾಸ್ತಿ ದುಡ್ಡು ತೆಗೆದುಕೊಂಡು ಮಾಡಿದ ಕೆಲಸ ಎರಡೇ ಮಳೆಗಾಲಕ್ಕೆ ಕೆಟ್ಟಿತು. ತಪ್ಪು ಎಲ್ಲಾಯಿತು ಅಂತ ತಿಳಿಯದೆ ಮುಂದಿನ ಆರ್ಡರ್ ಹಿಡಿಯಲು ಧೈರ್ಯ ಬರುತ್ತಿಲ್ಲ, ಅಲ್ವಾ? ಈ ಭಾಗದ ಎಷ್ಟೋ ವೆಲ್ಡಿಂಗ್ ಶೆಡ್‌ನವರು ಇದೇ ಮಾತು ಹೇಳಿದ್ದಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೇರವಾಗಿ ಹೇಳಬೇಕೆಂದರೆ, ತಪ್ಪು ಮಳೆಯದ್ದಲ್ಲ. ಪುಡಿ ಬೀಳುವ ಮೊದಲು ಕಬ್ಬಿಣದ ಮೈಮೇಲೆ ಏನೇನು ಉಳಿದಿತ್ತು, ಬೇಯುವಾಗ ಆ ಕಬ್ಬಿಣ ನಿಜಕ್ಕೂ ಎಷ್ಟು ಬಿಸಿಯಾಗಿತ್ತು, ಇವೆರಡರಲ್ಲಿ ತಪ್ಪಿದೆ. ನೀವು ಬರೆದ ಲಕ್ಷಣ ನೋಡಿದರೆ ಮೊದಲನೆಯದೇ ಮುಖ್ಯ. ಅದರಲ್ಲಿ ಒಂದು ಪಾಲು ಕೋಟಿಂಗ್ ಮಾಡಿದವರದು. ಇನ್ನೊಂದು ಪಾಲು ನಿಮ್ಮ ಶೆಡ್ಡಿನ ವೆಲ್ಡಿಂಗಿನದು. ಇದು ಬೇಸರದ ಸುದ್ದಿಯಲ್ಲ. ನಿಮ್ಮ ಕೈಯಲ್ಲಿರುವ ಪಾಲನ್ನು ನೀವು ನಾಳೆಯಿಂದಲೇ ಸರಿಮಾಡಬಹುದು.

ಮೊದಲು ಮಳೆಯ ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ನಿಮ್ಮ ತಾಲ್ಲೂಕಿನ ಹುಲಿಕಲ್ ಕೂಡ ಅದಕ್ಕೆ ಹೆಗಲೆಣೆ. ಆದರೆ ತುಕ್ಕಿಗೆ ಬೇಕಾಗಿರುವುದು ಎಷ್ಟು ಮಳೆ ಸುರಿಯಿತು ಎನ್ನುವುದಲ್ಲ. ಕಬ್ಬಿಣ ಎಷ್ಟು ಹೊತ್ತು ಒದ್ದೆಯಾಗಿತ್ತು ಎನ್ನುವುದು. ಗಾಳಿಯ ತೇವ ಶೇಕಡ 80 ದಾಟಿತೆಂದರೆ ಹನಿ ಬೀಳದಿದ್ದರೂ ಲೋಹದ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ನಿಲ್ಲುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಪದರ ಆರುವುದೇ ಕಷ್ಟ. ಮರದ ನೆರಳಿನಲ್ಲಿ, ಪಾಚಿ ಕಟ್ಟಿದ ಕಡೆ ಇನ್ನೂ ಕಷ್ಟ. ಒಂದು ಸಮಾಧಾನವೂ ಇದೆ. ನಮ್ಮ ಗಾಳಿಯಲ್ಲಿ ಸಮುದ್ರದ ಉಪ್ಪಿಲ್ಲ, ದೊಡ್ಡ ಕಾರ್ಖಾನೆಗಳ ಗಂಧಕದ ಹೊಗೆಯೂ ಇಲ್ಲ. ಘಟ್ಟ ಇಳಿದರೆ ಕರಾವಳಿಯಲ್ಲಿ ಮಳೆಯ ಜೊತೆ ಉಪ್ಪೂ ಸೇರುತ್ತದೆ. ಅಲ್ಲಿಯೂ ಸರಿಯಾಗಿ ಮಾಡಿದ ಪೌಡರ್ ಕೋಟಿಂಗ್ ವರ್ಷಗಟ್ಟಲೆ ನಿಲ್ಲುತ್ತದೆ. ಹಾಗಿದ್ದ ಮೇಲೆ ಹೊಸನಗರದಲ್ಲಿ ಯಾಕೆ ನಿಲ್ಲಬಾರದು?

ಅಷ್ಟು ಹೊತ್ತು ಒದ್ದೆ ಇದ್ದಾಗ ಆಗುವುದೇನೆಂದರೆ, ಕೋಟಿಂಗಿನ ಅಡಿಯಲ್ಲಿ ಅಡಗಿದ್ದ ಹುಳುಕು ಬೇಗ ಹೊರಗೆ ಬರುತ್ತದೆ. ಚಿತ್ರದುರ್ಗದ ಒಣಹವೆಯಲ್ಲಿ ಇದೇ ಗೇಟು ಇನ್ನೂ ಕೆಲವು ವರ್ಷ ಚೆನ್ನಾಗಿ ಕಾಣುತ್ತಿತ್ತು. ಅಲ್ಲೂ ಒಳಗೆ ಹುಳುಕು ಇದ್ದೇ ಇರುತ್ತಿತ್ತು.

ಈಗ ಒಂದು ಕೆಲಸ ಮಾಡಿ. ಕಿತ್ತು ಬಂದ ಚಕ್ಕೆಯನ್ನು ಮಗುಚಿ, ಅದರ ಹಿಂಬದಿ ನೋಡಿ. ಆಮೇಲೆ ಅದು ಬಿಟ್ಟ ಜಾಗದ ಕಬ್ಬಿಣ ನೋಡಿ. ಚಕ್ಕೆಯ ಹಿಂದೆ ಕಂದು ತುಕ್ಕಿನ ಪುಡಿ ಅಂಟಿದ್ದು, ಕಬ್ಬಿಣದ ಮೇಲೂ ಗುಳಿಗುಳಿಯಾಗಿ ತುಕ್ಕು ಇದ್ದರೆ ಅಂಚಿನಿಂದಲೋ ವೆಲ್ಡಿನಿಂದಲೋ ತುಕ್ಕು ಒಳಗೆ ತೆವಳಿದೆ ಅಂತ ಅರ್ಥ. ಚಕ್ಕೆಯ ಹಿಂದೆ ನೀಲಿಗಪ್ಪು ಹೊಟ್ಟು ಅಂಟಿ ಬಂದರೆ ಅದು ಕಬ್ಬಿಣವನ್ನು ಕಾಯಿಸಿ ಉರುಳೆಗಳ ನಡುವೆ ಒತ್ತಿ ಮಾಡಿದ ಪಟ್ಟಿಯ ಮೇಲೆ ಕಾರ್ಖಾನೆಯಿಂದಲೇ ಬರುವ ಮಿಲ್ ಸ್ಕೇಲ್. ಅದನ್ನು ತೆಗೆಯದೆ ಪುಡಿ ಹೊಡೆದರೆ ಪುಡಿ ಹಿಡಿದುಕೊಳ್ಳುವುದು ಹೊಟ್ಟನ್ನು, ಕಬ್ಬಿಣವನ್ನಲ್ಲ. ಕಬ್ಬಿಣ ಬೆಳ್ಳಗೆ ಹೊಳೆಯುತ್ತಿದ್ದು ಚಕ್ಕೆಯೂ ಶುಭ್ರವಾಗಿದ್ದರೆ ಎಣ್ಣೆ ಸರಿಯಾಗಿ ತೊಳೆದಿಲ್ಲ, ಪುಡಿ ಕಚ್ಚಿಕೊಳ್ಳಲೆಂದು ಕೊಡುವ ಫಾಸ್ಫೇಟ್ ಪದರ ಹಿಡಿದಿಲ್ಲ ಅಥವಾ ಓವನ್‌ನಲ್ಲಿ ಬೇಯಲಿಲ್ಲ. ಗುಳ್ಳೆಯನ್ನು ಸೂಜಿಯಿಂದ ಚುಚ್ಚಿದಾಗ ಒಳಗಿಂದ ಸಣ್ಣ ಹನಿ ನೀರು ಬಂದರೆ ಅಡಿಯಲ್ಲಿ ಉಪ್ಪು ಉಳಿದಿದೆ. ಆ ಉಪ್ಪು ಪದರದ ಮೂಲಕ ತೇವವನ್ನು ನಿಧಾನಕ್ಕೆ ಒಳಗೆ ಎಳೆಯುತ್ತದೆ. ಯಾರು ಏನೇ ವಾದ ಮಾಡಲಿ, ಆ ಚಕ್ಕೆಯ ಹಿಂಬದಿಯೇ ಸಾಕ್ಷಿ.

ನಿಮ್ಮ ಗೇಟಿನಲ್ಲಿ ಪಟ್ಟಿ ಪೈಪಿಗೆ ಸೇರುವಲ್ಲಿಂದ ಕಂದು ನೀರು ಇಳಿದಿದೆ ಎಂದಿರಿ. ಆ ಒಂದು ಸಾಲು ನನಗೆ ಬಹಳಷ್ಟನ್ನು ಹೇಳಿತು. ನಮ್ಮ ಕಡೆ ಗೇಟು ಮಾಡುವಾಗ ಪಟ್ಟಿಯನ್ನು ಪೈಪಿನ ಮೇಲೆ ಇಟ್ಟು ಎರಡು ಮೂರು ಕಡೆ ಟ್ಯಾಕ್ (ಚುಕ್ಕೆಯಷ್ಟೇ ವೆಲ್ಡ್) ಹಾಕಿ ಬಿಡುವುದು ರೂಢಿ. ಬಲಕ್ಕೆ ಅಷ್ಟು ಸಾಕು. ಆದರೆ ಟ್ಯಾಕ್‌ಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಕೋಟಿಂಗ್ ಅಂಗಡಿಯಲ್ಲಿ ಗೇಟನ್ನು ತುಕ್ಕು ತೆಗೆಯುವ ಆಸಿಡ್ ತೊಟ್ಟಿಯಲ್ಲಿ ಅದ್ದುತ್ತಾರೆ. ಆಸಿಡ್ ಆ ಸಂದಿಗೆ ನುಗ್ಗುತ್ತದೆ. ಆಮೇಲೆ ಎಷ್ಟೇ ತೊಳೆದರೂ ಅಲ್ಲಿಂದ ಪೂರ್ತಿ ಬರುವುದಿಲ್ಲ. ಪುಡಿಯೂ ಆ ಸಂದಿಯ ಒಳಗೆ ಹೋಗುವುದಿಲ್ಲ, ಬಾಯಿ ಮಾತ್ರ ಮುಚ್ಚುತ್ತದೆ. ಮೊದಲ ಜಿಟಿಜಿಟಿ ಮಳೆಗೆ ಆ ಮುಚ್ಚಳ ಬಿರಿಯುತ್ತದೆ, ನೀರು ಒಳಗೆ ಹೋಗುತ್ತದೆ, ಆಸಿಡ್ ಕರಗಿ ಕಂದು ಬಣ್ಣವಾಗಿ ಹೊರಗೆ ಇಳಿಯುತ್ತದೆ. ಚೌಕ ಪೈಪಿನ ತುದಿ ಮುಚ್ಚಿ ಎಲ್ಲೋ ಒಂದು ಕಡೆ ಸೂಜಿ ರಂಧ್ರ ಬಿಟ್ಟರೂ ಇದೇ ಕಥೆ. ಪೈಪಿನ ಹೊಟ್ಟೆಯೊಳಗೆ ಆಸಿಡ್ ನೀರು ಕೂತಿರುತ್ತದೆ. ಕೆಳಗಿನ ಪೈಪೇ ಮೊದಲು ಕೆಡುವುದು ಯಾಕೆ ಎನ್ನುವುದಕ್ಕೆ ಇದು ದೊಡ್ಡ ಕಾರಣ.

ಹಾಗಾಗಿ ಹೊರಗೆ ನಿಲ್ಲುವ ಸಾಮಾನಿಗೆ ಸಂದು ಬಿಡದ ಹಾಗೆ ಪೂರ್ತಿ ಉದ್ದಕ್ಕೆ ವೆಲ್ಡ್ ಓಡಿಸಿ. ಅದು ಆಗದ ವಿನ್ಯಾಸವಾದರೆ ಪಟ್ಟಿಯನ್ನು ಪೈಪಿಗೆ ಒತ್ತಿ ಕೂರಿಸಬೇಡಿ. ಕೈಬೆರಳು ಹೋಗುವಷ್ಟು ಅಂತರ ಬಿಡಿ. ನೀರು ಬಂದರೂ ಹೊರಟುಹೋಗಲಿ. ಪೈಪನ್ನು ಒಂದೋ ಪೂರ್ತಿ ಗಾಳಿಯಾಡದ ಹಾಗೆ ಮುಚ್ಚಿ, ಇಲ್ಲವೇ ತಗ್ಗಿನ ತುದಿಯಲ್ಲಿ ಧಾರಾಳವಾಗಿ ರಂಧ್ರ ಕೊಡಿ. ಅರ್ಧಂಬರ್ಧ ಮುಚ್ಚುವುದು ಎಲ್ಲಕ್ಕಿಂತ ಕೆಟ್ಟದ್ದು.

ವೆಲ್ಡ್ ಮುಗಿದ ಮೇಲಿನ ಕೆಲಸವೂ ನಿಮ್ಮದೇ. ವೆಲ್ಡಿನ ಮೇಲೆ ಕೂರುವ ಕಿಟ್ಟವನ್ನು (ಸ್ಲ್ಯಾಗ್) ಪೂರ್ತಿ ಕೆತ್ತಿ, ಸಿಡಿದ ಗುಂಡು ತೆಗೆಯಿರಿ. ಮಿಗ್ ವೆಲ್ಡಿಂಗ್ (ಗನ್ನಿನಿಂದ ತಂತಿ ತಾನೇ ಬಂದು ಕರಗುವ ವೆಲ್ಡಿಂಗ್) ಮಾಡುವವರು ಒಂದು ವಿಷಯ ಗಮನಿಸಿ. ವೆಲ್ಡಿನ ಬೆನ್ನ ಮೇಲೆ ಕಂದು ಬಣ್ಣದ ಗಾಜಿನಂಥ ಸಣ್ಣ ಚುಕ್ಕೆಗಳು ಕೂರುತ್ತವೆ. ಅದರ ಮೇಲೆ ಫಾಸ್ಫೇಟ್ ಹಿಡಿಯುವುದಿಲ್ಲ. ಪುಡಿ ಮುಚ್ಚಿ ಚೆನ್ನಾಗಿ ಕಾಣಿಸುತ್ತದೆ, ಆಮೇಲೆ ಚುಕ್ಕೆಯೇ ಉದುರುತ್ತದೆ, ಜೊತೆಗೆ ಕೋಟಿಂಗೂ. ವೈರ್ ಬ್ರಷ್‌ಗೆ ಅದು ಜಗ್ಗದಿದ್ದರೆ ಗ್ರೈಂಡರ್ ಬೇಕು. ಕತ್ತರಿಸಿದ ಪಟ್ಟಿಯ ಚೂಪು ಅಂಚನ್ನೂ ಗ್ರೈಂಡರ್‌ನಿಂದ ಸವರಿ ಗುಂಡಗೆ ಮಾಡಿ. ಪುಡಿ ಕರಗಿ ಹರಿಯುವಾಗ ಚೂಪು ಅಂಚಿನಿಂದ ಹಿಂದೆ ಸರಿಯುತ್ತದೆ. ಮಧ್ಯದಲ್ಲಿ 80 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇದ್ದರೂ ಅಂಚಿನಲ್ಲಿ ಅದರ ಕಾಲು ಭಾಗವೂ ಇರದೆ ಹೋಗಬಹುದು. ತುಕ್ಕು ಶುರುವಾಗುವುದು ಅಲ್ಲಿಂದಲೇ.

ಇನ್ನು ಕೋಟಿಂಗ್ ಮಾಡುವವರ ಪಾಲು. 'ಸೆವೆನ್ ಟ್ಯಾಂಕ್' ಅಂತ ಬೋರ್ಡಿನಲ್ಲಿ ಬರೆದಿರುವುದನ್ನು ನೋಡಿರುತ್ತೀರಿ. ಎಣ್ಣೆ ತೆಗೆಯುವುದು, ತೊಳೆಯುವುದು, ಆಸಿಡ್‌ನಲ್ಲಿ ತುಕ್ಕು ತೆಗೆಯುವುದು, ಮತ್ತೆ ತೊಳೆಯುವುದು, ಸತುವಿನ ಫಾಸ್ಫೇಟ್ ಹಿಡಿಸುವುದು, ಮತ್ತೆ ತೊಳೆಯುವುದು, ಕೊನೆಗೆ ಆ ಪದರವನ್ನು ಭದ್ರ ಮಾಡುವ ಪ್ಯಾಸಿವೇಶನ್ ಅದ್ದು. ಕೆಲವರು ಫಾಸ್ಫೇಟಿಗೆ ಮೊದಲು ಇನ್ನೊಂದು ಅದ್ದು ಸೇರಿಸುತ್ತಾರೆ, ಅದರಿಂದ ಹರಳು ಸಣ್ಣಗೆ, ಒತ್ತಾಗಿ ಕೂರುತ್ತದೆ. ತೊಟ್ಟಿ ಎಷ್ಟಿದೆ ಎನ್ನುವುದಕ್ಕಿಂತ ತೊಳೆಯುವ ನೀರು ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ ಎನ್ನುವುದು ಮುಖ್ಯ. ಅವಸರದಲ್ಲಿ ಸೊರಗುವುದು ಈ ತೊಳೆಯುವ ತೊಟ್ಟಿಗಳೇ. ಆಸಿಡ್ ತೊಟ್ಟಿಯಿಂದ ಬಂದ ಗೇಟು ಕೊಳಕು ನೀರಿನಲ್ಲಿ ಅದ್ದಿ ಹೊರಟರೆ ಉಪ್ಪನ್ನು ಹೊತ್ತುಕೊಂಡೇ ಹೋಗುತ್ತದೆ.

ಎಣ್ಣೆ ಹೋಗಿದೆಯೋ ಇಲ್ಲವೋ ನೋಡಲು ಯಂತ್ರವೇನೂ ಬೇಡ. ತೊಳೆದ ಪಟ್ಟಿಯ ಮೇಲೆ ಶುದ್ಧ ನೀರು ಹರಿಸಿ ಎತ್ತಿ ಹಿಡಿಯಿರಿ. ನೀರು ಹರಿದ ಮೇಲೂ ಒಂದೇ ಪದರವಾಗಿ ಮೈಗೆ ಹತ್ತಿಕೊಂಡು ನಿಂತರೆ ಸರಿ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಮುತ್ತುಮುತ್ತಾಗಿ ಜಾರಿದರೆ ಎಣ್ಣೆ ಇನ್ನೂ ಇದೆ. ಫಾಸ್ಫೇಟ್ ಆದ ಮೇಲೆ ಮೈ ಒಂದೇ ಸಮ ಬೂದಿ ಬಣ್ಣಕ್ಕೆ ಬರಬೇಕು. ಕಂದು ಕಲೆ, ಹೊಳೆಯುವ ತೇಪೆ ಇದ್ದರೆ ವಾಪಸ್ ತೊಟ್ಟಿಗೇ ಹೋಗಬೇಕು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ತೊಳೆದು ತೆಗೆದ ಕಬ್ಬಿಣ ಒದ್ದೆ ಗಾಳಿಯಲ್ಲಿ ಸ್ವಲ್ಪ ಹೊತ್ತಿಗೇ ಕೆಂಪಗಾಗುತ್ತದೆ. ಆದ್ದರಿಂದ ತೊಟ್ಟಿಯಿಂದ ಎತ್ತಿದ ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿ, ಅದೇ ದಿನ ಪುಡಿ ಹೊಡೆಯಬೇಕು. ಬರಿಗೈಯಲ್ಲಿ ಮುಟ್ಟಬಾರದು, ಬೆವರಿನಲ್ಲೂ ಉಪ್ಪಿದೆ. ಪುಡಿಯೂ ತೇವ ಕುಡಿದರೆ ಗಂಟು ಕಟ್ಟುತ್ತದೆ, ಗನ್ನಿನಿಂದ ಉಗುಳಿದ ಹಾಗೆ ಬೀಳುತ್ತದೆ. ಕಂಪ್ರೆಸರ್ ಗಾಳಿಗೆ ಡ್ರೈಯರ್ ಇಲ್ಲದಿದ್ದರೆ ಜುಲೈನಲ್ಲಿ ಒಳ್ಳೆಯ ಕೆಲಸ ಆಗುವುದೇ ಇಲ್ಲ ಎನ್ನಬಹುದು. ಒಂದು ವಿಷಯದಲ್ಲಿ ಮಾತ್ರ ನಮ್ಮ ಊರೇ ಮೇಲು. ಕೊನೆಯ ಸಲ ತೊಳೆಯುವ ನೀರಿನಲ್ಲಿ ಉಪ್ಪು ಕಡಿಮೆ ಇದ್ದಷ್ಟೂ ಒಳ್ಳೆಯದು. ಬಯಲುಸೀಮೆಯ ಬೋರ್ ನೀರಿಗೆ ಅದಕ್ಕೆಂದೇ ಶುದ್ಧೀಕರಣ ಯಂತ್ರ ಇಡಬೇಕು. ನಮಗೆ ಚಾವಣಿಯ ಮಳೆನೀರೇ ಇದೆ. ಮೊದಲ ನಾಲ್ಕಾರು ಮಳೆ ಬಿಟ್ಟು, ಸೋಸಿ ಹಿಡಿದರೆ ಅದಕ್ಕಿಂತ ಒಳ್ಳೆಯ ನೀರು ಸುಲಭಕ್ಕೆ ಸಿಗುವುದಿಲ್ಲ.

ಈಗ '200 ಡಿಗ್ರಿ, ಹತ್ತು ನಿಮಿಷ'ದ ಮಾತಿಗೆ ಬರೋಣ. ಪಾಲಿಯೆಸ್ಟರ್ ಪುಡಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಇದೇ. ಪುಡಿಯ ಡಬ್ಬದ ಜೊತೆ ಬರುವ ತಾಂತ್ರಿಕ ಹಾಳೆಯಲ್ಲಿ ಸರಿಯಾದ ಅಂಕಿ ಇರುತ್ತದೆ. ಆದರೆ ಆ ಹಾಳೆ ಹೇಳುವುದು ಲೋಹದ ಉಷ್ಣತೆಯನ್ನು. ಓವನ್ನಿನ ಮೀಟರ್ ತೋರಿಸುವುದು ಗಾಳಿಯ ಉಷ್ಣತೆಯನ್ನು. ತೆಳು ತಗಡು ಬೇಗ ಕಾಯುತ್ತದೆ. ಹತ್ತು ಮಿಲಿಮೀಟರಿನ ಪಟ್ಟಿ, ಹಿಂಜ್‌ನ ದಪ್ಪ ಗುಂಡು ಕಾಯಲು ಎಷ್ಟೋ ಪಟ್ಟು ಹೊತ್ತು ಬೇಕು. ಓವನ್ ತುಂಬಾ ಗೇಟು ತುಂಬಿದರೆ ಇನ್ನೂ ತಡ. ಎಣಿಕೆ ಶುರುವಾಗಬೇಕಾದ್ದು ಆ ದಪ್ಪ ಭಾಗ 200 ಮುಟ್ಟಿದ ಮೇಲೆ, ಬಾಗಿಲು ಹಾಕಿದಾಗಿನಿಂದಲ್ಲ.

ಬೇಯದ ಕೋಟಿಂಗೂ ನೋಡಲು ಬೆಂದದ್ದರ ಹಾಗೇ ಇರುತ್ತದೆ, ಮೋಸ ಹೋಗುವುದು ಅಲ್ಲೇ. ಪುಡಿ 200ಕ್ಕೆ ಬಹಳ ಮೊದಲೇ ಕರಗಿ, ಹರಡಿ, ಹೊಳಪು ಬಂದುಬಿಡುತ್ತದೆ. ಅದರೊಳಗಿನ ರಾಳ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುವುದು ಆಮೇಲೆ. ಹೆಣಿಗೆ ಪೂರ್ತಿಯಾಗದಿದ್ದರೆ ಪದರ ಪೆಡಸಾಗಿ ಉಳಿಯುತ್ತದೆ, ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ, ನೀರನ್ನೂ ಬೇಗ ಒಳಗೆ ಬಿಡುತ್ತದೆ. ಪರೀಕ್ಷೆ ಸುಲಭ. ಬಿಳಿ ಹತ್ತಿ ಬಟ್ಟೆಯನ್ನು ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ದ್ರಾವಕದಲ್ಲಿ ಅದ್ದಿ ಒಂದೇ ಜಾಗದಲ್ಲಿ ಮೂವತ್ತು ಸಲ ಹಿಂದೆ ಮುಂದೆ ಉಜ್ಜಿ. ಬಟ್ಟೆಗೆ ಚೂರು ಬಣ್ಣ ಹತ್ತಿದರೆ ಗಾಬರಿ ಬೇಡ, ಬೆಂದ ಪಾಲಿಯೆಸ್ಟರ್ ಕೂಡ ಅಷ್ಟು ಬಿಡಬಹುದು. ಹೊಳಪು ಸತ್ತು, ಮೈ ಮೆತ್ತಗಾಗಿ ಉಗುರಿಗೆ ಕೆತ್ತಿ ಬಂದರೆ ಅದು ಬೆಂದಿಲ್ಲ. ಬೇಯದ್ದನ್ನು ಮತ್ತೆ ಓವನ್‌ಗೆ ಹಾಕಿ ಪೂರ್ತಿ ಬೇಯಿಸಬಹುದು. ಮಳೆಗಾಲದಲ್ಲಿ ಮಧ್ಯೆ ಕರೆಂಟ್ ಹೋದರೂ ಹೀಗೇ, ಬಂದ ಮೇಲೆ ಮೊದಲಿನಿಂದ ಹೊತ್ತು ಎಣಿಸಬೇಕು. ಅತಿಯಾಗಿ ಬೆಂದರೆ ಬಿಳಿ ಹಳದಿಯಾಗುತ್ತದೆ, ಅದಕ್ಕೆ ಮದ್ದಿಲ್ಲ.

ಈ ಕೆಲಸದ ಸುತ್ತ ಕೆಲವು ತಪ್ಪು ನಂಬಿಕೆಗಳೂ ಇವೆ. ಪುಡಿಯ ಅಡಿಗೆ ಒಂದು ಕೋಟ್ ರೆಡ್ ಆಕ್ಸೈಡ್ ಹೊಡೆದು ಕಳಿಸಿದರೆ ಹೆಚ್ಚು ಭದ್ರ ಎಂದುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಅದು ಗಾಳಿಗೆ ಒಣಗುವ ಬಣ್ಣ, 200 ಡಿಗ್ರಿಗೆ ಉಬ್ಬಿ ಗುಳ್ಳೆಯಾಗುತ್ತದೆ. ಗುಂಡಿ, ಗೀರು ತುಂಬಲು ಹಚ್ಚುವ ಮಾಮೂಲಿ ಪುಟ್ಟಿ ಕೂಡ ಹಾಗೇ. ಇನ್ನೊಂದು, ದಪ್ಪ ಹೊಡೆದಷ್ಟೂ ಬಾಳಿಕೆ ಎನ್ನುವುದು. 60ರಿಂದ 80 ಮೈಕ್ರಾನ್ ಸಾಕು. ಅದಕ್ಕಿಂತ ತುಂಬಾ ದಪ್ಪವಾದರೆ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ, ಬಾಗಿದರೆ ಬಿರಿಯುತ್ತದೆ. ಒಳಮೂಲೆಗಳಲ್ಲಿ ಪುಡಿ ಹೋಗದಿರುವುದಕ್ಕೂ ದಪ್ಪ ಹೊಡೆಯುವುದು ಪರಿಹಾರವಲ್ಲ. ವಿದ್ಯುತ್ ಎಳೆತ ಪುಡಿಯನ್ನು ಹೊರ ಅಂಚಿಗೇ ಸೆಳೆಯುತ್ತದೆ. ಗನ್ನಿನ ಕಿಲೋವೋಲ್ಟ್ ತಗ್ಗಿಸಿ, ಮೊದಲು ಮೂಲೆಗೆ, ಆಮೇಲೆ ಬಯಲು ಭಾಗಕ್ಕೆ ಹೊಡೆಯಬೇಕು.

ಅಡಿಕೆ ಡ್ರೈಯರ್ ವಿಷಯಕ್ಕೆ ನನ್ನ ಉತ್ತರ: ಬೇಡ. ಅಡಿಕೆ ಒಣಗಿಸಲು ಬೇಕಾದ ಬಿಸಿಗೂ ಇದಕ್ಕೂ ಅಜಗಜಾಂತರ. ಅದರ ಗೋಡೆ, ಬಾಗಿಲು, ಫ್ಯಾನಿನ ಬೇರಿಂಗ್ ಯಾವುದೂ 200 ಡಿಗ್ರಿಗೆ ಮಾಡಿದ್ದಲ್ಲ. ಸೌದೆ ಉರಿಯಲ್ಲಿ ಉಷ್ಣತೆ ಒಂದೇ ಸಮ ನಿಲ್ಲಿಸುವುದೂ ಕಷ್ಟ, ಹೊಗೆ ತಾಗಿದರೆ ಬಣ್ಣವೂ ಹಾಳು. ಕಬ್ಬಿಣದ ಬೀರುವಿಗೆ ಹೀಟರ್ ಕಾಯಿಲ್ ಹಾಕಿದ ಓವನ್‌ಗಳನ್ನೂ ಕೆಲವು ಕಡೆ ಮಾಡಿಕೊಂಡಿದ್ದಾರೆ. ಕೆಂಪಗೆ ಕಾದ ಕಾಯಿಲ್ ಮೇಲೆ ಪುಡಿ ಉದುರಿದರೆ ಬೆಂಕಿ ಹತ್ತುತ್ತದೆ. ಅಡುಗೆಯ ಓವನ್ ಅನ್ನು ಇದಕ್ಕೆ ಬಳಸಿದರೆ ಮತ್ತೆಂದೂ ಆಹಾರಕ್ಕೆ ಮುಟ್ಟಿಸಬಾರದು.

ನಿಜಕ್ಕೂ ಸ್ವಂತ ಓವನ್ ಬೇಕೆನಿಸಿದರೆ ಲೆಕ್ಕ ಹಾಕಿ ಇಳಿಯಿರಿ. ನೂರು ಕೆಜಿ ಕಬ್ಬಿಣವನ್ನು 25ರಿಂದ 200 ಡಿಗ್ರಿಗೆ ಏರಿಸಲು ಬರೀ ಎರಡೂವರೆ ಯೂನಿಟ್ ಕರೆಂಟ್ ಸಾಕು. ಆದರೆ ಗೋಡೆ, ಟ್ರಾಲಿ, ಬಾಗಿಲಿನ ಸಂದಿನಲ್ಲಿ ಹೋಗುವ ಬಿಸಿ ಸೇರಿದರೆ ಅದು ಹಲವು ಪಟ್ಟಾಗುತ್ತದೆ. ಗೇಟು ಹಿಡಿಸುವ ಓವನ್‌ಗೆ ತ್ರೀ ಫೇಸ್ ಬೇಕೇ ಬೇಕು, ಇಲ್ಲವೇ ಗ್ಯಾಸ್ ಬರ್ನರ್. ಸುತ್ತಲೂ ಬಿಸಿ ತಡೆಯುವ ರಾಕ್‌ವೂಲ್, ಒಳಗೆ ಗಾಳಿ ತಿರುಗಿಸುವ ಫ್ಯಾನ್, ಹೊಗೆ ಹೋಗುವ ದಾರಿ, ಉಷ್ಣತೆ ಮಿತಿಮೀರಿದರೆ ತಾನೇ ಓವನ್ ಆರಿಸುವ ಎರಡನೆಯ ಥರ್ಮೋಸ್ಟಾಟ್, ಗ್ಯಾಸಾದರೆ ಹಚ್ಚುವ ಮೊದಲು ಒಳಗಿನ ಗಾಳಿಯನ್ನು ಪೂರ್ತಿ ಹೊರಹಾಕುವ ವ್ಯವಸ್ಥೆ, ಇಷ್ಟೂ ಬೇಕು. ಪುಡಿ ಗಾಳಿಯಲ್ಲಿ ತೇಲುವಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಗೇಟು, ಕೊಕ್ಕೆ, ಬೂತ್ ಎಲ್ಲಕ್ಕೂ ಸರಿಯಾದ ಅರ್ಥಿಂಗ್ ಇರಲಿ. ಕೊಕ್ಕೆಯ ಮೇಲೆ ಹಳೆ ಕೋಟಿಂಗ್ ಕೂತರೆ ಅರ್ಥ್ ಕಡಿಯುತ್ತದೆ, ಆಗಾಗ ಕೆರೆಯಿರಿ. ಮಾಸ್ಕ್ ಇಲ್ಲದೆ ಯಾರನ್ನೂ ಗನ್ ಹಿಡಿಯಲು ಬಿಡಬೇಡಿ.

ಇದೆಲ್ಲಕ್ಕಿಂತ ನನಗೆ ಚಿಂತೆಯಾಗುವುದು ತೊಟ್ಟಿಯ ನೀರು. ಬಳಸಿ ಸತ್ವ ಕಳೆದ ಆಸಿಡ್, ಸತು ಬೆರೆತ ಫಾಸ್ಫೇಟ್ ನೀರು ಶೆಡ್ಡಿನ ಹಿಂದಿನ ಹಳ್ಳಕ್ಕೆ ಹೋದರೆ ಕೆಳಗಿನ ತೋಟ, ಬಾವಿ, ಮೀನು ಎಲ್ಲಕ್ಕೂ ಕುತ್ತು. ನಮ್ಮಲ್ಲಿ ಯಾವ ಹಳ್ಳವೂ ಅಲ್ಲೇ ನಿಲ್ಲುವುದಿಲ್ಲ, ಶರಾವತಿಯಂಥ ಯಾವುದಾದರೂ ಹೊಳೆಗೆ ಸೇರುತ್ತದೆ. ಸುಣ್ಣ ಹಾಕಿ ತಟಸ್ಥ ಮಾಡಿ, ಕೆಸರು ಬೇರ್ಪಡಿಸಿ, ಅದನ್ನು ನಿಯಮದಂತೆ ವಿಲೇವಾರಿ ಮಾಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ ಬೇಕು. ಅಷ್ಟು ಜಾಗ, ದುಡ್ಡು, ಜನ ಇಲ್ಲದಿದ್ದರೆ ಸದ್ಯಕ್ಕೆ ಓವನ್ ಆಸೆ ಬಿಡಿ. ಕೋಟಿಂಗ್ ಶಿವಮೊಗ್ಗ ಬಳಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲೋ ಶಿವಮೊಗ್ಗ ಪೇಟೆಯಲ್ಲೋ ಆಗಲಿ, ನಿಮ್ಮ ವೆಲ್ಡಿಂಗ್ ಚೊಕ್ಕವಾಗಲಿ, ಮಾಲು ತೆಗೆದುಕೊಳ್ಳುವಾಗ ಪರೀಕ್ಷೆ ನಿಮ್ಮದಾಗಲಿ.

ಪ್ರತಿ ಸಲ ಗೇಟಿನ ಜೊತೆ ಅದೇ ದಪ್ಪದ ಒಂದು ತುಂಡು ಪಟ್ಟಿಯನ್ನೂ ಕಳಿಸಿ, ಗೇಟಿನ ಜೊತೆಯೇ ತೊಳೆದು, ಪುಡಿ ಹೊಡೆದು, ಬೇಯಿಸಿ ಕೊಡಲು ಹೇಳಿ. ಬಂದ ಮೇಲೆ ಅದರ ಮೇಲೆ ಬ್ಲೇಡಿನಿಂದ ಎರಡು ಮಿಲಿಮೀಟರ್ ಅಂತರದಲ್ಲಿ ಆರು ಗೆರೆ, ಅಡ್ಡಕ್ಕೆ ಆರು ಗೆರೆ ಎಳೆಯಿರಿ. ಗಟ್ಟಿ ಟೇಪ್ ಅಂಟಿಸಿ ಸರ್ರನೆ ಕೀಳಿ. ಚೌಕಗಳು ಟೇಪಿಗೆ ಅಂಟಿ ಬಂದರೆ ಆ ಸಲದ ಮಾಲು ತೆಗೆದುಕೊಳ್ಳಬೇಡಿ. ಎಂಇಕೆ ಪರೀಕ್ಷೆಯನ್ನೂ ಅದರ ಮೇಲೇ ಮಾಡಿ. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಲೋಹಕ್ಕೆ ಥರ್ಮೋಕಪಲ್ ತಂತಿ ಕಟ್ಟಿ ಉಷ್ಣತೆ ನೋಡಿದ್ದೀರಾ ಅಂತಲೂ ಕೇಳಿ.

ಮುಂದಿನ ಆರ್ಡರ್‌ಗಳಿಗೆ ದಾರಿ ಒಂದೇ ಅಲ್ಲ. ಮನೆಯೊಳಗಿನ ರೇಲಿಂಗ್, ಜಗಲಿಯ ಒಳಗಿನ ಗ್ರಿಲ್‌ಗೆ ಫಾಸ್ಫೇಟ್ ಮಾಡಿದ ಒಂದೇ ಕೋಟ್ ಪಾಲಿಯೆಸ್ಟರ್ ಸಾಕು. ಮಳೆಗೆ ನಿಲ್ಲುವ ಗೇಟಿಗೆ ನಾನು ಎರಡು ಕೋಟ್ ಹೇಳುತ್ತೇನೆ. ಮೊದಲು ಬ್ಲಾಸ್ಟಿಂಗ್ (ಮರಳಿನಂಥ ಕಾಳನ್ನು ರಭಸದ ಗಾಳಿಯಲ್ಲಿ ಹೊಡೆದು ಮೈ ಚೊಕ್ಕ ಮಾಡುವುದು), ಅದರ ಮೇಲೆ ಸತು ತುಂಬಿದ ಎಪಾಕ್ಸಿ ಪ್ರೈಮರ್ ಪುಡಿ, ಅದನ್ನು ಅರೆ ಬೇಯಿಸಿ ಮೇಲೆ ಪಾಲಿಯೆಸ್ಟರ್, ಆಮೇಲೆ ಎರಡನ್ನೂ ಸೇರಿಸಿ ಪೂರ್ತಿ ಬೇಯಿಸುವುದು. ಪ್ರೈಮರನ್ನು ಮೊದಲೇ ಪೂರ್ತಿ ಬೇಯಿಸಿದರೆ ಮೇಲಿನ ಕೋಟ್ ಸರಿಯಾಗಿ ಹಿಡಿಯುವುದಿಲ್ಲ.

ತೋಟದ ದೊಡ್ಡ ಗೇಟು, ಹೊಳೆ ಪಕ್ಕದ ಬೇಲಿಗೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಸತುವಿನಲ್ಲಿ ಅದ್ದುವುದು) ಮಾಡಿಸಿ ಮೇಲೆ ಪುಡಿ ಹೊಡೆಸುವುದು ಎಲ್ಲಕ್ಕಿಂತ ಗಟ್ಟಿ. ಪುಡಿಗೆ ಗೀರು ಬಿದ್ದರೂ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಖರ್ಚು, ಲಾರಿ ಬಾಡಿಗೆ ಜಾಸ್ತಿ. ಅಪಾಯವೂ ಇದೆ. ಸತುವಿನ ತೊಟ್ಟಿ ಸುಮಾರು 450 ಡಿಗ್ರಿ ಇರುತ್ತದೆ. ಪೈಪನ್ನು ಪೂರ್ತಿ ಮುಚ್ಚಿ ಕಳಿಸಿದರೆ ಒಳಗಿನ ಗಾಳಿ, ತೇವ ಉಬ್ಬಿ ಸಿಡಿಯುತ್ತದೆ. ಇಲ್ಲಿ ಮಾತ್ರ ಎರಡೂ ತುದಿಗೆ ರಂಧ್ರ ಬೇಕೇ ಬೇಕು. ತೆಳು ತಗಡು ಸೊಟ್ಟಗಾಗಬಹುದು. ಮೇಲೆ ಪುಡಿ ಹೊಡೆಸುವುದಿದೆ, ಕ್ರೋಮೇಟ್ ದ್ರಾವಣದಲ್ಲಿ ಅದ್ದಬೇಡಿ ಅಂತ ಗ್ಯಾಲ್ವನೈಸಿಂಗ್ ಮಾಡುವವರಿಗೆ ಮೊದಲೇ ತಿಳಿಸಿ. ಪುಡಿ ಹೊಡೆಯುವ ಮೊದಲು ಒಮ್ಮೆ ಓವನ್‌ನಲ್ಲಿ ಬರೀ ಗೇಟನ್ನು ಕಾಯಿಸಿ ಒಳಗಿನ ಅನಿಲ ಹೊರಡಿಸಬೇಕು, ಇಲ್ಲದಿದ್ದರೆ ಮೈಯೆಲ್ಲ ಸೂಜಿ ತೂತು ಬೀಳುತ್ತದೆ. ಪೇಟೆಯಲ್ಲಿ ಸಿಗುವ, ಮೊದಲೇ ಸತು ಲೇಪಿಸಿದ ಜಿಐ ಪೈಪು ತಂದು ವೆಲ್ಡ್ ಮಾಡಿದರೆ ಇಷ್ಟು ಲಾಭ ಸಿಗುವುದಿಲ್ಲ. ವೆಲ್ಡ್ ಜಾಗದಲ್ಲಿ ಸತು ಸುಟ್ಟುಹೋಗುತ್ತದೆ, ಆ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ.

ಓವನ್ನೇ ಬೇಡ ಎನ್ನುವವರಿಗೆ ಎರಡು ಡಬ್ಬ ಬೆರೆಸುವ ಎಪಾಕ್ಸಿ ಪ್ರೈಮರ್, ಮೇಲೆ ಪಾಲಿಯುರೆಥೇನ್ ಬಣ್ಣ ಇದೆ. ಸ್ಥಳದಲ್ಲೇ ರಿಪೇರಿ ಮಾಡಬಹುದು, ಇದು ಸಣ್ಣ ಲಾಭವಲ್ಲ. ಪಾಲಿಯುರೆಥೇನ್ ಗಟ್ಟಿಗೊಳಿಸುವ ದ್ರಾವಣದ ಹಬೆ ಉಸಿರಾಟಕ್ಕೆ ಕೆಟ್ಟದ್ದು, ಸ್ಪ್ರೇ ಮಾಡುವವರಿಗೆ ಒಳ್ಳೆಯ ಮಾಸ್ಕ್ ಬೇಕು.

ಈಗಿರುವ ಗೇಟುಗಳು. ಬಿಳಿ ಗೇಟಿನದು ಬೇರೆ ರೋಗ. ತುಕ್ಕಿಲ್ಲದೆ ಬರೀ ಪುಡಿ ಬಿಡುತ್ತಿದ್ದರೆ ಒಳಾಂಗಣಕ್ಕೆ ಮಾಡಿದ ಎಪಾಕ್ಸಿ ಅಥವಾ ಎಪಾಕ್ಸಿ ಪಾಲಿಯೆಸ್ಟರ್ ಮಿಶ್ರಣದ ಪುಡಿ ಬಿದ್ದಿರುವ ಸಾಧ್ಯತೆಯೇ ಜಾಸ್ತಿ. ಬಿಸಿಲಿಗೆ ಅದು ಹೀಗೇ ಸುಣ್ಣ ಬಿಡುತ್ತದೆ. ಹಿಡಿತ ಗಟ್ಟಿ ಇದ್ದರೆ ಕೀಳುವುದು ಬೇಡ. 320 ನಂಬರಿನ ಎಮರಿ ಕಾಗದದಲ್ಲಿ ಒದ್ದೆ ಉಜ್ಜಿ, ತೊಳೆದು, ಚೆನ್ನಾಗಿ ಒಣಗಿಸಿ ಪಾಲಿಯುರೆಥೇನ್ ಹೊಡೆಯಿರಿ. ಮುಂದೆ ಬಿಲ್ಲಿನಲ್ಲಿ 'ಹೊರಾಂಗಣದ ಶುದ್ಧ ಪಾಲಿಯೆಸ್ಟರ್' ಅಂತ ಬರೆಸಿಕೊಳ್ಳಿ.

ಗುಳ್ಳೆ ಎದ್ದ ಐದರಲ್ಲಿ, ಅಲ್ಲಲ್ಲಿ ಮಾತ್ರ ಕೆಟ್ಟಿದ್ದರೆ ತೇಪೆ ಕೆಲಸ ಸಾಕು. ಗಟ್ಟಿಯಾಗಿ ಹಿಡಿದ ಕೋಟಿಂಗ್ ಸಿಗುವವರೆಗೂ ಕೆರೆಯಿರಿ, ಹೊಳೆಯುವ ಕಬ್ಬಿಣ ಬರುವ ತನಕ ಗ್ರೈಂಡ್ ಮಾಡಿ, ಸಂದುಗಳನ್ನು ವೆಲ್ಡ್ ಮಾಡಿ ಮುಚ್ಚಿ, ಎಪಾಕ್ಸಿ ಪ್ರೈಮರ್ ಮತ್ತು ಪಾಲಿಯುರೆಥೇನ್ ಕೊಡಿ. ಇದನ್ನು ಜನವರಿಯಿಂದ ಏಪ್ರಿಲ್ ಒಳಗೆ ಮಾಡಿ. ಗಾಳಿಯ ತೇವ ಶೇಕಡ 85ರ ಒಳಗಿರಬೇಕು, ಕಬ್ಬಿಣದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು. ಅಂದರೆ ಬೆಳಗಿನ ಮಂಜು ಪೂರ್ತಿ ಆರಿದ ಮೇಲೆ ಶುರು ಮಾಡಿ, ಸಂಜೆ ತಂಪು ಇಳಿಯುವ ಮೊದಲು ನಿಲ್ಲಿಸಿ. ಎಲ್ಲೆಲ್ಲೂ ಚಕ್ಕೆ ಏಳುತ್ತಿದ್ದರೆ ತೇಪೆಗೆ ಅರ್ಥವಿಲ್ಲ, ಬ್ಲಾಸ್ಟಿಂಗ್‌ನಲ್ಲಿ ಪೂರ್ತಿ ತೆಗೆಸಿ ಹೊಸದಾಗಿ ಮಾಡಿಸಿ. ಹಳೆ ಕೋಟಿಂಗನ್ನು ಅಂಗಳದಲ್ಲಿ ಸೌದೆ ಹಾಕಿ ಸುಡಬೇಡಿ. ಆ ಹೊಗೆ ವಿಷ, ಗೇಟೂ ಸೊಟ್ಟಗಾಗುತ್ತದೆ.

ಗೇಟು ನಿಲ್ಲಿಸುವಾಗ ಹಿಂಜ್ ಅನ್ನು ಸ್ಥಳದಲ್ಲಿ ವೆಲ್ಡ್ ಮಾಡಿದಿರಾ ಎನ್ನುವುದನ್ನು ನೀವು ಬರೆದಿಲ್ಲ. ಮಾಡಿದ್ದರೆ ಅಲ್ಲಿ ಕೋಟಿಂಗ್ ಸುಟ್ಟಿರುತ್ತದೆ, ಮೇಲೆ ಬಳಿದ ಎನಾಮಲ್ ಅದನ್ನು ಕಾಯುವುದಿಲ್ಲ. ಮುಂದೆ ಬೋಲ್ಟ್ ಹಾಕುವ ಹಿಂಜ್ ಇಡಿ.

ಅಡಿಕೆ ತೋಟದ ಬಾಯಲ್ಲಿರುವ ಗೇಟುಗಳಿಗೆ ಇನ್ನೊಂದು ಶತ್ರು ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಹೊಡೆಯುವಾಗ ಸುಣ್ಣ ಕಡಿಮೆ ಬಿದ್ದರೆ ಮೈಲುತುತ್ತದ ತಾಮ್ರ ಹಾಗೇ ಉಳಿಯುತ್ತದೆ. ಹದ ನೋಡಲು ಚೊಕ್ಕ ಕತ್ತಿಯ ಅಲಗನ್ನು ಅದ್ದಿ, ಕೆಂಪು ಹಿಡಿದರೆ ಸುಣ್ಣ ಸೇರಿಸುತ್ತೀರಲ್ಲ, ಅದೇ ತಾಮ್ರ. ಕೋಟಿಂಗಿನ ಗೀರಿನಲ್ಲಿ ಅದು ಕೂತರೆ ಸುತ್ತಲಿನ ಕಬ್ಬಿಣ, ಸತು ಎರಡನ್ನೂ ಬೇಗ ತಿನ್ನುತ್ತದೆ. ಔಷಧಿ ಹೊಡೆದ ದಿನವೇ ಗೇಟಿಗೆ ನೀರು ಹಾಯಿಸಿ ತೊಳೆಯಲು ಗಿರಾಕಿಗಳಿಗೆ ಹೇಳಿ.

ಸದ್ಯಕ್ಕೆ ಐದರಲ್ಲಿ ತೀರ ಕೆಟ್ಟ ಗೇಟನ್ನು ಬಿಚ್ಚಿ ಶೆಡ್ಡಿಗೆ ತನ್ನಿ. ಕೆಳಗಿನ ಪೈಪಿನ ತಗ್ಗಿನ ತುದಿಗೆ ಆರು ಮಿಲಿಮೀಟರಿನ ಡ್ರಿಲ್ ಹಾಕಿ. ಕಂದು ನೀರು ಬಂದರೆ ಒಂದು ಲಿಟ್ಮಸ್ ಕಾಗದ ಅದ್ದಿ ನೋಡಿ. ನೀಲಿ ಕಾಗದ ಕೆಂಪಾದರೆ ಒಳಗಿರುವುದು ಬರೀ ಮಳೆನೀರಲ್ಲ, ಆಸಿಡ್ ಉಳಿದಿದೆ. ಆ ಕಾಗದ, ಮಗುಚಿದ ಚಕ್ಕೆ ಎರಡನ್ನೂ ಇಟ್ಟುಕೊಂಡು ಕೋಟಿಂಗ್ ಮಾಡಿದವರ ಜೊತೆ ಕೂತು ಮಾತಾಡಿ. ಉಳಿದ ನಾಲ್ಕಕ್ಕೂ ಮಳೆಗೆ ಮೊದಲು ಅದೇ ಜಾಗದಲ್ಲಿ ರಂಧ್ರ ಕೊಟ್ಟು, ಶುದ್ಧ ನೀರು ಹಾಯಿಸಿ ತೊಳೆದು, ಬಿಸಿಲಿನಲ್ಲಿ ಒಣಗಿಸಿಯೇ ರಿಪೇರಿಗೆ ಕೈ ಹಾಕಿ.